ಹೆಸರು ಕೇಳೋದು ಉಂಡ ಮೇಲೆ

ಗ್ರೀಕರಿಗಿಂತ ಮುಂಚೆ ಆ ಕಡಲ ದಂಡೆಯಲ್ಲಿ ಲೆಲೆಗರು ಅನ್ನೋ ಜನ ಇದ್ದರಂತೆ. ಅವರ ರಾಜ ತೀರಿಕೊಂಡ. ಪಟ್ಟಕ್ಕೆ ಬಂದವನು ಮಗ ಬ್ರಾದಿಯಸ್. ಆಳೆತ್ತರದ ದೇಹ, ತಲೆ ಮಾತ್ರ ಖಾಲಿ ಗಡಿಗೆ. ಇವನ ಕೈಯಲ್ಲಿ ರಾಜ್ಯ ಉಳಿಯೋದು ಹೇಗಪ್ಪಾ ಅಂತ ತಾಯಿ ಲಿಸಾಂದ್ರೆಗೆ ರೊಟ್ಟಿ ಸೇರುತ್ತಿರಲಿಲ್ಲ.

ಒಂದು ದಿನ ಒಬ್ಬ ಮುದುಕ ಆಸರೆ ಬೇಡಿ ಬಂದ. ಬ್ರಾದಿಯಸ್ ಬಾಗಿಲಲ್ಲೇ ನಿಲ್ಲಿಸಿ, ಹೆಸರೇನು, ಅಪ್ಪ ಯಾರು, ಬಾಯಲ್ಲಿ ಹಲ್ಲೆಷ್ಟು ಅಂತ ಕೇಳಿದ. ಮುದುಕ ಶಾಪ ಹಾಕಿ ಹೋದ.

"ಅಯ್ಯೋ ಪೆದ್ದೇ, ದೇವರೇ ತಿರುಕನ ವೇಷದಲ್ಲಿ ಬಂದಾನು. ಆಸರೆ ಬೇಡೋರು ಒಲೆಯ ಬೂದೀಲಿ ಕೂರೋದು ನಮ್ಮ ಪದ್ಧತಿ. ಹಾಗೆ ಯಾರು ಬಂದು ಕೂತರೂ ಮೊದಲು ಕಾಲು ತೊಳಿ, ಉಣ್ಣೋಕಿಡು. ಹೆಸರು ಕೇಳೋದು ಉಂಡ ಮೇಲೆ."

"ಹೂಂ ಅವ್ವಾ."

ಮರುವಾರ ಇಬ್ಬರು ದನಗಳ್ಳರು ಬಂದು ಬೂದಿಯಲ್ಲಿ ಕೂತರು. ಇವನು ಕಾಲು ತೊಳೆದ, ಉಣ್ಣಿಸಿದ. ಅಷ್ಟರಲ್ಲಿ ಅವರ ಜೊತೆಗಾರರು ಕೊಟ್ಟಿಗೆ ಖಾಲಿ ಮಾಡಿದ್ದರು.

"ದನದ ಕೂಗು ಕೇಳಿಸಲಿಲ್ಲವೇನೋ?"

"ಕೇಳಿಸ್ತವ್ವಾ. ಇವರ ಊಟ ಇನ್ನೂ ಮುಗಿದಿರಲಿಲ್ಲ."

"ನನ್ನ ಹಣೆಬರಹ! ಇನ್ನು ದನದ ಜೊತೆ ಹೊರಗಿನವರು ಯಾರು ಕಂಡರೂ ಮಾತಾಡಬೇಡ, ದೊಣ್ಣೆ ತಗೊಂಡು ಬಾರಿಸು."

ಜಾಣ ಸೊಸೆ ಬಂದರಾದರೂ ರಾಜ್ಯ ಉಳಿದೀತು ಅಂತ ಲಿಸಾಂದ್ರೆ ಪಕ್ಕದ ಡ್ರಯೋಪರ ರಾಜನಲ್ಲಿ ಹೆಣ್ಣು ಕೇಳಿದಳು. ಪುಣ್ಯಾತ್ಮ ಒಪ್ಪಿದ. ಮಾತು ಮುಗಿಸೋಕೆ ಉಡುಗೊರೆಗೆ ನೂರು ಹಸು ಹೊಡೆದುಕೊಂಡು ತಾನೇ ಬಂದ. ದನದ ಜೊತೆ ಬಂದವನಿಗೆ ಬ್ರಾದಿಯಸ್ ಬಾರಿಸಿದ, ಸೊಂಟ ಮುರಿಯುವ ಹಾಗೆ. ಮೂರನೇ ದಿನ ಅದೇ ಬೀಗ ದಂಡು ಕಟ್ಟಿಕೊಂಡು ಕೋಟೆ ಮುಂದೆ ನಿಂತ.

ಲಿಸಾಂದ್ರೆ ಈ ಸಲ ಬೈಯಲಿಲ್ಲ. ಬೈಯೋಕೆ ತ್ರಾಣವೇ ಇರಲಿಲ್ಲ.

"ಹೋಗಿ ಅವನ ಮೊಣಕಾಲು ಹಿಡ್ಕೋ ಮಗನೇ. ಮೊಣಕಾಲು ಹಿಡಿದವನನ್ನ ಯಾರೂ ಕೊಲ್ಲೋದಿಲ್ಲ. ಹತ್ತು ಕುರಿ ಕೇಳಲಿ, ಇಪ್ಪತ್ತು ಕೇಳಲಿ, ಏನು ಕೇಳಿದರೂ ಆಗಲಿ ಅನ್ನು. ನೀನು ಜೀವಂತ ಬಂದರೆ ಸಾಕು."

ಬ್ರಾದಿಯಸ್ ಹೋಗಿ ಮೊಣಕಾಲು ಹಿಡಿದ.

"ಕೋಟೆ ಬಾಗಿಲು ತೆಗೆಸ್ತೀಯಾ?"

"ಆಗಲಿ."

"ಕಿರೀಟ ಕೊಡ್ತೀಯಾ?"

"ಆಗಲಿ."

"ನಿಮ್ಮಪ್ಪನ ಸಿಂಹಾಸನ?"

"ಅದೂ ಆಗಲಿ."

ಸಂಜೆಗೆ ಡ್ರಯೋಪರ ರಾಜ ಆ ಸಿಂಹಾಸನದ ಮೇಲಿದ್ದ. ಲಿಸಾಂದ್ರೆಗೆ ಇನ್ನೊಂದೇ ದಾರಿ ಉಳಿದಿತ್ತು. ತಾನೇ ಇಷ್ಟು ವರ್ಷ ಉರಿಸಿದ ಒಲೆಯ ಬೂದಿಯಲ್ಲಿ ಹೋಗಿ ಕೂತು, ತನಗೂ ಮಗನಿಗೂ ಆಸರೆ ಬೇಡಿದಳು. ಹೊಸ ರಾಜ, ಇರಲಿ ಅಂತ ತಲೆಯಾಡಿಸಿದ.

ಬ್ರಾದಿಯಸ್ ಓಡಿ ಬಂದ. ಬಿಸಿನೀರು ತಂದು ಅವಳ ಕಾಲು ತೊಳೆದ. ರೊಟ್ಟಿ ಇಟ್ಟ, ಗಿಣ್ಣು ಇಟ್ಟ. ರಾಜ್ಯ ಹೋದರೂ ಮಗನ ಕರುಳು ಉಳೀತಲ್ಲ ಅಂತ ಲಿಸಾಂದ್ರೆಯ ಕಣ್ಣು ತುಂಬಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಅವಳು ಕೈ ತೊಳೆಯುವವರೆಗೂ ಅವನು ಪಕ್ಕದಲ್ಲೇ ಕಾದ. ಆಮೇಲೆ ಕೈಮುಗಿದು ಕೇಳಿದ:

"ಊಟ ಆಯ್ತಲ್ಲ ತಾಯಿ. ಈಗ ಹೇಳಿ, ನಿಮ್ಮ ಹೆಸರೇನು? ಯಾವ ಊರಾಯಿತು?"