ಹಸಿರು ಬಾನಿ

ದೇವರ ದಯೆಯಿಂದ ಆ ವರ್ಷ ಹೊಳೆದಡದ ಆಶ್ರಮದ ತೊಟ್ಟಿಯಲ್ಲಿ ದೇವರ ಮೀನುಗಳ ಮೊಟ್ಟೆ ಒಡೆದವು. ಎಳ್ಳಿನಷ್ಟು ಮರಿಗಳು. ಬಲಿತ ಮೇಲೆ ಗುರುಗಳು ಅವನ್ನು ಹೊಳೆಗೆ ಬಿಡುವವರು.

ಅಷ್ಟು ಪುಟ್ಟ ಬಾಯಿಗೆ ಅನ್ನದ ಅಗುಳು ಹಿಡಿಸದು. ಅದಕ್ಕೇ ಪೂಜೆಮನೆಯ ಪಕ್ಕದ ಬಾನಿಯಲ್ಲಿ ಗುರುಗಳು ಸಗಣಿ, ಕಡಲೆಹಿಂಡಿ ಕದಡಿ, ನೀರು ಹಸಿರಾಗಿಸಿ, ಕಂಡೂ ಕಾಣದಂಥ ನೀರುಹುಳುಗಳನ್ನು ಹಿಂದಿನ ವರ್ಷದಿಂದಲೇ ಸಾಕುತ್ತಿದ್ದರು.

ಪ್ರತಿ ಸೋಮವಾರ ಒಂದು ತಂಬಿಗೆ ಹುಳುನೀರು ಪಕ್ಕದ ಕೇರಿಯ ಅಂಬಿಗರ ಕೆಂಚಮ್ಮನ ಮೀನುಹೊಂಡಕ್ಕೆ ಹೋಗುತ್ತಿತ್ತು. ಒಯ್ಯುವವನು ಶಿಷ್ಯ ವರದ.

"ನಮಗೇ ಸಾಲದು, ಅವಳಿಗೇಕೆ?" ಎಂದು ಗೊಣಗುತ್ತಲೇ ಒಯ್ಯುತ್ತಿದ್ದ.

ಒಂದು ಬೆಳಿಗ್ಗೆ ವರದ ಬಾನಿಯನ್ನು ತಿಕ್ಕಿ ತೊಳೆದು, ತಿಳಿನೀರು ತುಂಬಿಸಿ, ಗುರುಗಳನ್ನು ಕರೆದ.

"ನೋಡಿ ಗುರುಗಳೇ. ದೇವರ ನೈವೇದ್ಯದ ಹತ್ತಿರ ಆ ನಾತ ಇರಬಾರದಲ್ಲ."

ಗುರುಗಳು ಬಾನಿಗೆ ಇಣುಕಿದರು.

"ಲಕಲಕ ಅಂತಿದೆಯಪ್ಪ. ಮರಿಗಳಿಗೆ ಇವತ್ತು ಏನು ಬಡಿಸ್ತೀಯ?"

ವರದನ ಕೈಯಿಂದ ತೆಂಗಿನ ನಾರು ಜಾರಿತು.

"ಮತ್ತೆ ಸಾಕಿದರೆ..."

"ವಾರ ಬೇಕು. ಅವು ನಾಳೆಯವರೆಗೂ ತಡೆಯಲಾರವು."

ಗುರುಗಳು ಖಾಲಿ ತಂಬಿಗೆಯನ್ನು ಅವನ ಕೈಗಿಟ್ಟರು. "ದಾರಿ ಗೊತ್ತಲ್ಲ."

ಕೆಂಚಮ್ಮ ಸಂಗತಿ ಕೇಳಿ ಬಿದ್ದು ಬಿದ್ದು ನಕ್ಕಳು.

"ತಿಕ್ಕಿ ತೊಳೆದ್ರಾ ಸ್ವಾಮೀ! ಸದ್ಯ, ಮೀನ್ಮರೀನೂ ತೊಳೀಲಿಲ್ಲವಲ್ಲ!"

"ನಗಬೇಡ ತಾಯಿ. ಒಂದು ಗುಟುಕಾದರೂ ಕೊಡು."

"ಗುಟುಕಾ? ಹೋದ ಮಳೆಗಾಲ ಹೊಳೆ ಉಕ್ಕಿ ನನ್ನ ಹುಳು ಎಲ್ಲಾ ಕೊಚ್ಚಿಹೋಗಿತ್ತು. ನೀವು ತಂದ ತಂಬಿಗೆಯಿಂದಲೇ ಮತ್ತೆ ಹುಟ್ಟಿದ್ದು. ತಂಬಿಗೆ ಅಲ್ಲಿಡಿ, ಕೊಡ ತಗೊಳ್ಳಿ."

ಕೊಡದ ಕಂಠದವರೆಗೂ ತುಂಬಿಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ವರದ ಒಂದು ಹನಿಯೂ ತುಳುಕದಂತೆ ಹೊತ್ತು ತಂದ. ಅರ್ಧವನ್ನು ಬಾನಿಗೆ ಸುರಿದ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗುರುಗಳು ಸಗಣಿ ಕದಡಿದರು. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಸಿಕ್ಕ ಹುಳುಗಳನ್ನು ಮರಿಗಳ ತೊಟ್ಟಿಗೆ ಬಿಟ್ಟ.

ನೀರೆಲ್ಲ ಮಿಣಮಿಣ ಕದಲಿತು. ಮರಿಗಳು ತಿಂದವು. ಒಂದೊಂದರ ಹೊಟ್ಟೆಯೂ ತುಂಬಿ ಉಬ್ಬುವುದು ಗಾಜಿನಂಥ ಮೈಯ ಹೊರಗಿಂದಲೇ ಕಾಣುತ್ತಿತ್ತು.

ವರದ ಕೇರಿಯ ಕಡೆ ತಿರುಗಿ ಕೈಮುಗಿದ. ಆಮೇಲೆ ಬಾನಿಗೂ ಮುಗಿದ. ಕಣ್ಣು ಒದ್ದೆಯಾಗಿತ್ತು.

ತಲೆ ಎತ್ತಿದರೆ ಸೂರ್ಯ ನೆತ್ತಿಯ ಮೇಲೆ.

"ಅಯ್ಯೋ ಗುರುಗಳೇ! ಇಷ್ಟು ಹೊತ್ತಾಯಿತು, ನೈವೇದ್ಯವೇ ಆಗಿಲ್ಲ!"

ಗುರುಗಳು ಗಂಟೆಯನ್ನು ಅವನ ಒದ್ದೆ ಕೈಗೆ ಕೊಟ್ಟರು.

"ಆಯ್ತಲ್ಲಪ್ಪ. ಬಾ, ಮಂಗಳಾರತಿ ಎತ್ತೋಣ."