ಹಸಿರು ದೀಪ ಉರಿಯುತ್ತಲೇ ಇತ್ತು

ಬಿದಿರೇ ಬಿದಿರು ತುಂಬಿದ ಒಂದು ಕಾಡಿನಲ್ಲಿ ಬಿಲಕ್ಕೊಂದು ಕಂಪ್ಯೂಟರ್ ಇತ್ತು. ಬೆಟ್ಟದ ತುದಿಯ ಹದ್ದು ಬೆಂಕಿ ಕಂಡ ಕೂಡಲೇ ಸಂಕೇತ ಕಳಿಸುತ್ತಿತ್ತು. ಎಲ್ಲರ ಕಂಪ್ಯೂಟರೂ ಸಿಳ್ಳೆ ಹಾಕುತ್ತಿತ್ತು. ಪ್ರಾಣಿಗಳು ಮರಿಗಳನ್ನು ಕಚ್ಚಿಕೊಂಡು ಹೊಳೆಯಾಚೆ ಓಡುತ್ತಿದ್ದವು. ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚುವುದು, ಹಸಿರು ದೀಪ ಉರಿದರೆ ಗಟ್ಟಿಮುಟ್ಟಾಗಿದೆ ಎಂದು ಕೈಮುಗಿಯುವುದು ಅಲ್ಲಿನ ರೂಢಿ. ಒಳಗೇನಿದೆ ಎಂದು ಇಣುಕಿದವರು ಯಾರೂ ಇಲ್ಲ.

ಕಂಪ್ಯೂಟರ್ ಮಾರುವವನು ನರಿ ಕೆಂಚಪ್ಪ. ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ವಿಷ. ಹದ್ದು ಅವನನ್ನು ಕರೆದು ಹೇಳಿತು: “ಸಂಕೇತ ಬದಲಾಗುತ್ತಿದೆ. ಯುಗಾದಿಯವರೆಗೆ ಹಳೆಯದು, ಹೊಸದು ಎರಡನ್ನೂ ಕಳಿಸುತ್ತೇನೆ. ಆಮೇಲೆ ಹೊಸದು ಮಾತ್ರ. ಹಳೆಯ ಕಂಪ್ಯೂಟರಿಗೆ ಅದು ಕೇಳಿಸದು. ಎಲ್ಲರಿಗೂ ತಿಳಿಸು.”

ತಿಳಿಸಿದನೇ? ಅವನ ಗುಹೆಯಲ್ಲಿ ಹಳೆಯವುಗಳ ರಾಶಿಯೇ ಕೊಳೆಯುತ್ತಿತ್ತು!

ಮೊಲ ತಾಯವ್ವ ಬಂದಳು. “ಕೆಂಚಪ್ಪಣ್ಣ, ನಂದು ಮುದಿಯಾಯ್ತು. ಸಂಕೇತ ಬದಲಾಗ್ತದಂತೆ. ಹೊಸಾದೇ ಕೊಡು. ಮೂರು ಮರಿ ಅವೆ ನಂಗೆ.”

“ಯಾವ ಕಾಗೆ ಹೇಳ್ತು? ಅಷ್ಟುದ್ದ ಕಿವಿ ಇಟ್ಕೊಂಡು ಬರೀ ಗಾಳಿಮಾತು ಕೇಳ್ತೀಯಲ್ಲವ್ವ! ಇದ ತಗೋ. ಹಸಿರು ದೀಪ ಉರೀತದೋ ಇಲ್ವೋ? ಹೊಸದೆಲ್ಲ ಶೋಕಿಯವರಿಗೆ.”

ಮರುದಿನ ಎಲ್ಲೋ ಹುಲ್ಲಿಗೆ ಕಿಡಿ ಹತ್ತಿದಾಗ ಅದು ಸಿಳ್ಳೆಯನ್ನೂ ಹಾಕಿತು. ಯುಗಾದಿ ಇನ್ನೂ ಬಂದಿರಲಿಲ್ಲವಲ್ಲ! ತಾಯವ್ವನ ಅನುಮಾನ ಸತ್ತಿತು. ಅವಳನ್ನು ನೋಡಿ ಉಳಿದವರೂ ಹಳೆಯದನ್ನೇ ಕೊಂಡರು.

ತನ್ನ ಮನೆಗೆ ಮಾತ್ರ ಕೆಂಚಪ್ಪ ಒಂದು ಹೊಸದನ್ನು ತರಿಸಿಕೊಂಡಿದ್ದ. ಅದಾದರೂ ಮನೆಯಲ್ಲಿ ಉಳಿಯಿತೇ? ಹೊಳೆಯಾಚೆ ಕಾಡುಬೆಕ್ಕು ಸಿಂಗಾರಿ ಇದ್ದಳಲ್ಲ, ಬಂಡೆಯ ಮೇಲೆ ಕೂತು ಹಗಲೆಲ್ಲ ಮೈ ನೆಕ್ಕಿಕೊಳ್ಳುವವಳು! “ನಿನ್ನ ಬಾಲದಂಥ ಬಾಲ ಈ ಸೀಮೇಲೇ ಇಲ್ಲ ಕಣೋ” ಎಂದಳಂತೆ. ಅಷ್ಟಕ್ಕೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದ. ಅದರ ಜಾಗದಲ್ಲಿ ರಾಶಿಯಿಂದ ಒಂದು ಹಳೆಯದನ್ನು ಇಟ್ಟ. ಹೆಂಡತಿ ಚೌಡಿಗೆ “ಹೊಸದು ರಿಪೇರಿಗೆ ಹೋಗಿದೆ” ಎಂದ.

ಯುಗಾದಿ ಕಳೆದು ಮೂರನೆಯ ದಿನ, ನಡುಮಧ್ಯಾಹ್ನ, ಬಿದಿರಿಗೆ ಬಿದಿರು ಉಜ್ಜಿ ಕಿಚ್ಚು ಹೊತ್ತಿತು. ಹದ್ದು ಸಂಕೇತ ಕಳಿಸಿತು, ಮತ್ತೆ ಮತ್ತೆ ಕಳಿಸಿತು. ಬಿಲಬಿಲದಲ್ಲೂ ಹಸಿರು ದೀಪ ಉರಿಯುತ್ತಲೇ ಇತ್ತು. ಸಿಳ್ಳೆ ಹೊರಡಲಿಲ್ಲ. ಸಿಳ್ಳೆ ಹಾಕಿದ್ದು ಒಂದೇ ಒಂದು, ಸಿಂಗಾರಿಯ ಬಂಡೆಯ ಮೇಲೆ. ಆ ಹೊತ್ತಿನಲ್ಲಿ ಅಲ್ಲಿ ಕೆಂಚಪ್ಪನೂ ಕೂತಿದ್ದ.

ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಹೊಳೆಯ ದಡದಲ್ಲಿ ತಾಯವ್ವ ಒಂದೇ ಮರಿಯನ್ನು ಕಚ್ಚಿಕೊಂಡು ನಿಂತಿದ್ದಳು. ಅವನನ್ನು ದುರುಗುಟ್ಟಿ ನೋಡಿದಳು. ಬಾಯಿ ತೆರೆಯಲಿಲ್ಲ, ತೆರೆದರೆ ಮರಿ ಬಿದ್ದೀತು.

ಗುಹೆಯ ಮುಂದೆ ಚೌಡಿ ಒಬ್ಬಳೇ ಕೂತಿದ್ದಳು. ನೀರಿಗೆ ಹೋದವಳು ಹೊಗೆ ಕಂಡು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಮಕ್ಕಳು?” ಎಂದ ಕೆಂಚಪ್ಪ.

“ಒಳಗೆ ಮಲಗಿದ್ವು. ಸಿಳ್ಳೆ ಬರಲಿಲ್ಲ.” ಅವಳು ತಲೆ ಎತ್ತಿದಳು. “ನಮ್ಮ ಹೊಸಾದು ಯಾರ ಮನೇಲಿ ರಿಪೇರಿ ಆಗ್ತೈತೆ, ಹೇಳು.”



ನೀತಿ: ಹಳೆಯದು ಉಪಯೋಗಕ್ಕೆ ಬಾರದ ದಿನ ಬರುವ ಮುಂಚೆಯೇ ಬದಲಿಸಿಕೊಳ್ಳಬೇಕು, ಆ ದಿನ ಯಾವುದೆಂದು ಮಾರುವವನನ್ನೊಬ್ಬನನ್ನೇ ಕೇಳಬಾರದು. ಊರಿಗೆ ಮೋಸ ಮಾಡಿದವನ ಮನೆಯೂ ಆ ಊರಿನಲ್ಲೇ ಇರುತ್ತದೆ.