ಎತ್ತಿಗೆ ಬಂದ ಮೇವು

ಬಯಲುಸೀಮೆಯ ಕೆಂಚವ್ವನ ಕೊಟ್ಟಿಗೆಯಲ್ಲಿ ಒಂದು ಎತ್ತು, ಏಳು ಕುರಿ ಇದ್ದವು. ಈ ಮನೆಯನ್ನು ಸಾಕುತ್ತಿರುವುದು ತಾನೇ ಎಂಬ ಬಿಂಕ ಎತ್ತಿಗೆ.

ಬೇಸಿಗೆ ಬಂತು. ಉಳುವ ಕೆಲಸ ನಿಂತಿತು, ಬಣವೆಯೂ ಕರಗಿತು. ಕುರಿಗಳು ಜಾಲಿಕಾಯಿ ತಿಂದು ಹೇಗೋ ದಿನ ದೂಡಿದವು. ಎತ್ತಿಗೆ ಅದು ಸಾಲಲಿಲ್ಲ. ಒಂದು ಬೆಳಿಗ್ಗೆ ಕೆಂಚವ್ವ ಗಂಡನಿಗೆ, “ಇವತ್ತು ಸಂತೆಗೆ ಒಂದನ್ನು ಹೊಡಕೊಂಡು ಹೋಗಲೇಬೇಕು ನೋಡ್ರಿ,” ಅಂದದ್ದು ಅದರ ಕಿವಿಗೆ ಬಿತ್ತು. ಎದೆ ಧಸಕ್ಕೆಂದಿತು.

“ಕರಿ, ನನ್ನನ್ನು ಮಾರಿಬಿಡುತ್ತಾರಾ?” ಎಂದು ಪಕ್ಕದ ತಾಯಿಕುರಿಯನ್ನು ಕೇಳಿತು.

“ಗೊತ್ತಿಲ್ಲಣ್ಣ. ನನಗೂ ಭಯವೇ.”

ಕೆಂಚವ್ವ ಹಗ್ಗ ಹಿಡಿದು ಬಂದಳು. ಎತ್ತು ಗಟ್ಟಿಯಾಗಿ ಕಣ್ಣು ಮುಚ್ಚಿತು. ಕಣ್ಣು ಬಿಟ್ಟಾಗ ಕರಿಯ ಮಗ, ಪ್ರಾಯಕ್ಕೆ ಬಂದ ಟಗರು, ಕೊಟ್ಟಿಗೆಯಲ್ಲಿ ಇರಲಿಲ್ಲ. ಸದ್ಯ ಬದುಕಿದೆ ಎಂದು ಎತ್ತು ಉಸಿರು ಬಿಟ್ಟಿತು.

ಸಂಜೆ ಬಾಡಿಗೆ ಆಟೋದಲ್ಲಿ ಮನೆಗೆ ಒಂದು ಚೀಲ ಜೋಳ, ಎತ್ತಿಗೆ ಹೊರೆಗಟ್ಟಲೆ ಮೇವು ಬಂದವು. ಎತ್ತು ಆಸೆಯಿಂದ ಬಾಯಿ ಹಾಕಿತು.

“ಇದೆಲ್ಲ ಎಲ್ಲಿಂದ ಬಂತು, ಕರಿ?”

“ನನ್ನ ಮಗನಿಂದ, ಅಣ್ಣ. ಹೋದ ವರ್ಷ ಅವನ ಅಣ್ಣನಿಂದ ಬಂದಿತ್ತು.”

ಎತ್ತಿನ ಬಾಯಿ ಅಲ್ಲೇ ನಿಂತಿತು. ಅದು ಪಕ್ಕಕ್ಕೆ ಸರಿದು, “ಬಾ, ನೀನೂ ತಿನ್ನು,” ಅಂದಿತು.

“ನೀನೇ ತಿನ್ನು. ಮಳೆ ಬಿದ್ದರೆ ಉಳಬೇಕಾದವನು ನೀನು.”

ಕರಿ ತುಂಬು ಗಬ್ಬವಾಗಿದ್ದದ್ದು ಎತ್ತಿನ ಕಣ್ಣಿಗೆ ಬಿದ್ದದ್ದೇ ಆಗ. ಮುಂದಿನ ಬೇಸಿಗೆಯನ್ನು ನೆನೆದು ಅದರ ಎದೆ ಮತ್ತೆ ಧಸಕ್ಕೆಂದಿತು. ಈ ಸಲ ತನಗಾಗಿ ಅಲ್ಲ.